ಸೋಲಾರ ಕಾಕಾ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಂಜಿನಿಯರ್ ಅಲ್ಲದವರನ್ನು ಹುಡುಕುವುದು ಕಷ್ಟ. 1947ರಲ್ಲಿ ಶುರುವಾದ ಬಿ.ವಿ.ಬಿ. ಕಾಲೇಜು, ಅಂದರೆ ಈಗಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಇಲ್ಲೇ ಇರುವುದರಿಂದ ಅಲ್ಲಿ ಓದದವರೂ ಅದರ ಕಂಪೌಂಡಿನ ಆಚೆ ಚಹಾ ಕುಡಿದೇ ಅರ್ಧ ಇಂಜಿನಿಯರ್ ಆಗಿರುತ್ತಾರೆ. ಸೋಲಾರ ಕಾಕಾ ಈ ಎರಡನೆಯ ಪಂಗಡದವರು. ಬ್ಯಾಂಕಿನಿಂದ ನಿವೃತ್ತರು. ಇಂಥವರು ಓಣಿಗೊಬ್ಬರು ಸಿಗುತ್ತಾರೆ. ಅಂಗಿ ಕಿಸೆಯಲ್ಲಿ ಪೆನ್ನಿನ ಜಾಗಕ್ಕೆ ಟೆಸ್ಟರ್ ಇದ್ದರೆ ಅವರೇ ಅಂತ ತಿಳಿಯಿರಿ. "ಆರಾಮ ಅದೀರ್ಯೇನ್ರೀ ಕಾಕಾ?" ಅಂದರೆ "ಇವತ್ತ ಮೂರೂವರೆ ಯುನಿಟ್" ಎನ್ನುತ್ತಾರೆ.

ಕೇಂದ್ರ ಸರಕಾರ 2024ರ ಫೆಬ್ರುವರಿಯಲ್ಲಿ ಪಿ.ಎಂ. ಸೂರ್ಯಘರ್ ಯೋಜನೆ ತಂದಾಗ ಓಣಿಯವರೆಲ್ಲ ಕಾಕಾಗೆ ಬುದ್ಧಿ ಹೇಳಿದರು. ಮೂರು ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ಆದರೆ ಕೆಲಸವನ್ನು ನೋಂದಾಯಿತ ಏಜೆನ್ಸಿಯೇ ಮಾಡಬೇಕು, ಬೀದಿಯ ಲೈನಿಗೆ ಜೋಡಿಸಿರಬೇಕು. "ನನ್ನ ಮನಿ, ನನ್ನ ಬಿಸಿಲು. ನಡುವ ಅಂವ ಯಾಕ್ರೀ?" ಅಂದರು ಕಾಕಾ. ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿತ್ತು. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಊರ ಕರೆಂಟು ಹೋದಾಗ ತಾನೂ ಬಂದ್ ಆಗುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟು ಹೊಡೆಯಬಾರದಲ್ಲ! ಕಾಕಾಗೆ ಲೈನ್‌ಮನ್ ಮೇಲೆ ಸಿಟ್ಟಿಲ್ಲ. ಆದರೆ ಓಣಿ ಕತ್ತಲಾದಾಗ ತಾವೂ ಕತ್ತಲಾಗುವುದಾದರೆ ಹಾಕಿದ್ದು ಯಾತಕ್ಕೆ?

ಅಮೆರಿಕದ ಮಗ ವಿಡಿಯೋ ಕಾಲ್‌ನಲ್ಲಿ ನಯವಾಗಿ ಕೇಳಿದ: "ಅಪ್ಪಾ, ನೀವು ಇಬ್ಬರ ಇರೋದು. 2023ರಿಂದ ಗೃಹಜ್ಯೋತಿ ಒಳಗ ನಿಮ್ಮ ಬಿಲ್ ಸೊನ್ನಿನ ಬರ್ತದಲ್ಲ?"

"ಅದು ಸರಕಾರದ ಸೊನ್ನಿ," ಅಂದರು ಕಾಕಾ. "ಇದು ನನ್ನ ಸೊನ್ನಿ."

ಸ್ವಂತ ಸೊನ್ನೆಗಾಗಿ ಎರಡು ದೊಡ್ಡ ಪ್ಯಾನೆಲ್ ಟಂಟಂನಲ್ಲಿ ಬಂದವು. ಹುಬ್ಬಳ್ಳಿ ಇರುವುದು ಹದಿನೈದನೇ ಅಕ್ಷಾಂಶದ ಮೇಲೆ. ಆದ್ದರಿಂದ ಪ್ಯಾನೆಲ್ಲು ದಕ್ಷಿಣಕ್ಕೆ ಮುಖ ಮಾಡಿ ಹೆಚ್ಚುಕಡಿಮೆ ಹದಿನೈದು ಡಿಗ್ರಿ ವಾಲಬೇಕು. ಆ ಜಾಗದಲ್ಲಿ ಕಾಕೂನ ಸಂಡಿಗೆ ಒಣಗುತ್ತಿತ್ತು. "ಸೂರ್ಯಾ ಮೊದಲ ನಮ್ಮ ಸಂಡಿಗಿಗೆ ಬಂದಾನ್ರಿ" ಎಂದು ಕಾಕೂ ತಕರಾರು ತೆಗೆದರು. ಸಂಡಿಗೆ ಉತ್ತರಕ್ಕೆ ಸರಿಯಿತು. ಆಮೇಲೆ ಸೀರೆಯ ಸರದಿ. ಒಂದೇ ಸಾಲಿಗೆ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟು ಇಳಿಯುತ್ತದೆ. ಹೀಗಾಗಿ ಈ ಮನೆಯಲ್ಲಿ ಸಂಜೆ ನಾಲ್ಕರೊಳಗೆ ಸೀರೆ ಒಣಹಾಕುವುದು ನಿಷಿದ್ಧ.

ಜೋಡಣೆಯ ದಿನ ಕಾಕಾಗೆ ಇನ್ನೊಂದು ಜ್ಞಾನೋದಯವಾಯಿತು: ಸೂರ್ಯನಿಗೆ ಸ್ವಿಚ್ ಇಲ್ಲ. ಬಿಸಿಲು ಬಿದ್ದಿರುವಷ್ಟು ಹೊತ್ತು ಪ್ಯಾನೆಲ್ಲಿನ ವೈರು ಜೀವಂತ. ಕಾಕೂ ಟ್ರಂಕಿನಲ್ಲಿ ಮಡಚಿಟ್ಟಿದ್ದ ಸೊಲ್ಲಾಪುರ ಚಾದರಗಳು ಮಾಳಿಗೆ ಹತ್ತಿ ಪ್ಯಾನೆಲ್ ಹೊದ್ದುಕೊಂಡವು. ಓಣಿಯವರು ಯಾರಿಗೋ ಹೆಚ್ಚುಕಡಿಮೆಯಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಬಂದರು.

ಬ್ಯಾಟರಿಯ ವಿಷಯದಲ್ಲಿ ಕಾಕಾ ಹಳೆಯ ಬ್ಯಾಂಕ್ ಮನುಷ್ಯನೇ. ಜಿನೆಯ ಕೆಳಗೆ 12 ವೋಲ್ಟಿನ, 150 ಆಂಪಿಯರ್-ಅವರ್‌ನ ಎರಡು ಬ್ಯಾಟರಿ. ಲೆಕ್ಕದ ಪ್ರಕಾರ 3.6 ಯುನಿಟ್ ಜಮಾ. ಆದರೆ ಈ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಇಳಿಯುತ್ತದೆ. ಖರ್ಚಿಗೆ ಸಿಗುವುದು 1.8. ಮಿನಿಮಮ್ ಬ್ಯಾಲೆನ್ಸ್ ಮುಟ್ಟಲು ಕಾಕಾ ಯಾರಿಗೂ ಬಿಡುವುದಿಲ್ಲ. ಗೀಜರಿಗೂ ಇಸ್ತ್ರಿಗೂ ಸಾಲ ಮಂಜೂರಾಗಿಲ್ಲ. ನನ್ನ ಮೊಬೈಲ್ ಚಾರ್ಜಿಗೆ ಹಾಕಲು ಕೇಳಿದಾಗ "ಎಷ್ಟು ಪರ್ಸೆಂಟ್ ಅದ?" ಎಂದು ವಿಚಾರಣೆ ಮಾಡಿಯೇ ಪ್ಲಗ್ಗು ತೋರಿಸಿದರು.

ಇಷ್ಟೆಲ್ಲ ಆದ ಮೇಲೆ ಬಾಕಿ ಉಳಿದ ಆಸೆ ಒಂದೇ: ಕರೆಂಟು ಹೋಗಬೇಕು. ಅದೋ, ಹೋಗಲೊಲ್ಲದು. ಹೋದರೂ ಮಟಮಟ ಮಧ್ಯಾಹ್ನ, ಯಾರಿಗೂ ಗೊತ್ತಾಗದಂತೆ.

ಕೊನೆಗೆ ಜುಲೈ ತಿಂಗಳ ಒಂದು ಸಂಜೆ ಗಾಳಿಗೆ ಓಣಿಯೆಲ್ಲ ಕತ್ತಲಾಯಿತು. ಕಾಕಾ ಜಿನೆ ಕೆಳಗಿನ ಚೇಂಜ್‌ಓವರ್ ಹಿಡಿಕೆಯನ್ನು ಸೋಲಾರಿಗೆ ತಿರುಗಿಸಿ, ಬಾಗಿಲು, ಕಿಟಕಿ, ಪರದೆ ಎಲ್ಲ ತೆಗೆದು ಪಡಸಾಲೆಯಲ್ಲಿ ಕೂತರು. ಜನ ಬಂದರು. ಮೊಬೈಲು ಬಂದವು, ಪರೀಕ್ಷೆಗೆ ಓದುವ ಹುಡುಗರು ಬಂದರು, ಎದುರು ಮನೆಯ ವೈನಿ ಅರ್ಧ ರುಬ್ಬಿದ ಇಡ್ಲಿ ಹಿಟ್ಟಿನ ಸಮೇತ ಮಿಕ್ಸರನ್ನೇ ತಂದರು. ಕಾಕಾ ಎಲ್ಲರಿಗೂ ಚಹಾ ಮಾಡಿಸಿದರು. ಆದರೆ ವಾರದಿಂದ ಜಿಟಿಜಿಟಿ ಮಳೆ. ಬ್ಯಾಟರಿಯಲ್ಲಿ ಜಮಾ ಆಗಿದ್ದೇ ಅಷ್ಟಕ್ಕಷ್ಟೆ. ಇನ್ವರ್ಟರ್ ಕುಂಯ್‌ಗುಟ್ಟಿತು. ಕಾಕಾ ಮೊದಲು ಫ್ಯಾನ್ ತೆಗೆದರು. ಆಮೇಲೆ ಅಡುಗೆಮನೆಯ ದೀಪ. ಹಿಟ್ಟು ನುಣ್ಣಗಾಗುವ ಹೊತ್ತಿಗೆ ಪಡಸಾಲೆಯದೂ ಹೋಯಿತು.

ಅಷ್ಟರಲ್ಲಿ ಓಣಿಯ ದೀಪಗಳೆಲ್ಲ ಝಗ್ಗನೆ ಹತ್ತಿದವು. ಕಾಕಾನ ಮನೆಯೊಂದನ್ನು ಬಿಟ್ಟು. ಹಿಡಿಕೆ ಇನ್ನೂ ಸೋಲಾರಿನ ಕಡೆಗೇ ಇತ್ತು. ಕಾಕಾ ಕುರ್ಚಿ ಬಿಟ್ಟು ಏಳಲಿಲ್ಲ.

"ಕಾಕಾ, ಕರೆಂಟ್ ಬಂತ್ರೀ," ಅಂದರು ವೈನಿ.

"ಅದು ನಿಮ್ಮದು," ಅಂತು ಕತ್ತಲೊಳಗಿನ ದನಿ.