ಕಣ್ಣೊರೆಸುವವರ ಅಳಲು

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಐಇಪಿ ಸಭೆ ನಡೆಯುವ ಮೇಜಿನ ಮೇಲೆ ಎಷ್ಟೋ ಸಲ ಒಂದು ಟಿಶ್ಯೂ ಡಬ್ಬಿ ಇರುತ್ತದೆ, ಅದೂ ಹೆತ್ತವರು ಕೂರುವ ಕಡೆಗೇ. ಅಂಗವೈಕಲ್ಯವಿರುವ ಮಗುವಿಗೆ ಏನು ಕಲಿಸುತ್ತೇವೆ, ಯಾವ ನೆರವು ಕೊಡುತ್ತೇವೆ ಎಂದು ಶಾಲೆ ಬರೆದುಕೊಡುವ ಯೋಜನೆಯೇ ಐಇಪಿ. ವರ್ಷಕ್ಕೊಮ್ಮೆಯಾದರೂ ಅದರ ಪರಿಶೀಲನೆ ನಡೆಯಲೇಬೇಕು. ಇಂಥ ಸಭೆಗಳಲ್ಲಿ ಪಳಗಿದ ಡಬ್ಬಿಯೊಂದು ಸಂದರ್ಶನಕ್ಕೆ ಒಪ್ಪಿತು. ಷರತ್ತು ಒಂದೇ: ಹೆತ್ತವರ ಪರ ಮಾತಾಡಲು ಬರುವ ಅಡ್ವೊಕೇಟ್ ಹತ್ತಿರ ಸುಳಿಯಬಾರದು.

"ಅವರ ಮೇಲೆ ಯಾಕಷ್ಟು ಸಿಟ್ಟು?" ಎಂದು ಕೇಳಿದ ಪತ್ರಕರ್ತ.

"ಅವರು ಬಂದ ದಿನ ನನ್ನ ವ್ಯಾಪಾರ ಸೊನ್ನೆ. ಕರಿಕೋಟಿನ ವಕೀಲರೇ ಆಗಬೇಕೆಂದಿಲ್ಲ ಸ್ವಾಮಿ. ಎಷ್ಟೋ ಮಂದಿ ಸ್ವಂತ ಮಗುವಿಗಾಗಿ ಬಡಿದಾಡಿ ಕಾನೂನು ಕಲಿತ ತಾಯಂದಿರು. ಮಗುವಿನ ವಿಷಯ ಬಲ್ಲವರನ್ನು ಜೊತೆಗೆ ಕರೆತರಬಹುದು ಅಂತ ಕಾನೂನಿದೆಯಲ್ಲ, ಅದನ್ನೇ ಹಿಡಿದು ಬಂದು ಕೂರುತ್ತಾರೆ."

ಅವರಿಲ್ಲದ ಸಭೆಯನ್ನು ಡಬ್ಬಿ ಖುಷಿಯಿಂದಲೇ ಬಣ್ಣಿಸಿತು. ಆ ಕಡೆ ಇಬ್ಬರು ಟೀಚರು, ಮನಶ್ಶಾಸ್ತ್ರಜ್ಞೆ, ಸ್ಪೀಚ್ ಥೆರಪಿಸ್ಟ್, ಸ್ಕೂಲ್ ಡಿಸ್ಟ್ರಿಕ್ಟಿನ ಅಧಿಕಾರಿ. ಈ ಕಡೆ ಒಬ್ಬ ತಾಯಿ, ಮುಂದೆ ದಪ್ಪನೆಯ ಕಾಗದದ ಕಟ್ಟು. ಫ್ರೀಮಾಂಟ್‌ನಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದ ಕನ್ನಡದ ದಂಪತಿಯಾದರಂತೂ ಮುಗಿದೇ ಹೋಯಿತು. ಮೇಷ್ಟ್ರಿಗೆ ಎದುರಾಡಬಾರದೆಂದು ಬೆಳೆದವರು, "ನೀವು ಹೇಳಿದ ಮೇಲೆ ಇನ್ನೇನಿದೆ ಮೇಡಂ" ಎಂದು ಸಹಿ ಹಾಕಿ, ಪಾರ್ಕಿಂಗಿಗೆ ಹೋಗಿ ಕಾರಿನಲ್ಲಿ ಕೂತು ಅಳುತ್ತಾರೆ. "ಅದೂ ನನಗೆ ಲುಕ್ಸಾನೇ!" ಎಂದಿತು ಡಬ್ಬಿ.

"ಹೋದ ವಾರ ಒಬ್ಬ ಅಡ್ವೊಕೇಟಮ್ಮ ಬಂದಿದ್ದಳು. ಯೋಜನೆಯಲ್ಲಿ 'ಅಗತ್ಯಬಿದ್ದಾಗ ಸ್ಪೀಚ್ ಥೆರಪಿ' ಅಂತ ಇತ್ತು. ಅಗತ್ಯ ಬಿತ್ತು ಅಂತ ಹೇಳೋರು ಯಾರು? ವಾರಕ್ಕೆ ಎಷ್ಟು ನಿಮಿಷ? ಒಬ್ಬನಿಗೇನಾ, ಗುಂಪಿಗಾ? ಎಲ್ಲ ಮೆತ್ತಗೇ ಕೇಳಿದಳು. ನಾಲ್ಕನೇ ಪುಟದಲ್ಲಿ ಬೇರೆ ಯಾವನೋ ಹುಡುಗನ ಹೆಸರು! ಹಳೇ ಫೈಲಿಂದ ಎತ್ತಿ ಅಂಟಿಸಿದ್ದರು. ಕೊನೆಗೆ, 'ಆಗಲ್ಲ ಅನ್ನೋದಾದ್ರೆ ಕಾರಣ ಸಮೇತ ಬರೆದುಕೊಡಿ' ಅಂದಳು. ಕಾನೂನಿನ ಪ್ರಕಾರ ಬರೆದುಕೊಡಲೇಬೇಕು ನೋಡಿ. ಅವತ್ತು ನನ್ನಿಂದ ಒಂದೇ ಒಂದು ಟಿಶ್ಯೂ ಖರ್ಚಾಯಿತು. ಎಳೆದುಕೊಂಡವರು ಡಿಸ್ಟ್ರಿಕ್ಟ್ ಅಧಿಕಾರಿ, ಬೆವರೊರೆಸೋದಕ್ಕೆ."

ಹಾಗಾದರೆ ನೀವು ಬರೀ ಕಣ್ಣೊರೆಸುವ ತಂತ್ರವೇ?

"ತಂತ್ರ ಶಾಲೆಯವರದು, ಒರೆಸೋದಷ್ಟೇ ನನ್ನದು. ಅವರದೂ ಒಂದು ಗೋಳಿದೆ. 1975ರಲ್ಲಿ ಈ ವಿಶೇಷ ಶಿಕ್ಷಣದ ಕಾನೂನು ಬಂದಾಗ ಹೆಚ್ಚುವರಿ ಖರ್ಚಿನ ಶೇ. 40ರಷ್ಟು ನಾವು ಕೊಡ್ತೀವಿ ಅಂತ ವಾಷಿಂಗ್ಟನ್ ಮಾತು ಕೊಟ್ಟಿತ್ತು. ಇವತ್ತಿಗೂ ಅಷ್ಟು ಬಂದಿಲ್ಲ."

ಗೋಳೇನೋ ನಿಜ. ಆದರೆ ಟೆಕ್ಸಾಸ್ 2004ರಿಂದ ವರ್ಷಗಟ್ಟಲೆ, ವಿಶೇಷ ಶಿಕ್ಷಣ ಪಡೆಯುವ ಮಕ್ಕಳ ಪ್ರಮಾಣ ಶೇ. 8.5 ದಾಟಿದ ಡಿಸ್ಟ್ರಿಕ್ಟುಗಳನ್ನು ಕೆಂಗಣ್ಣಿನಿಂದ ನೋಡುತ್ತಿತ್ತು. ಅದು ಕಾನೂನುಬಾಹಿರ ಎಂದು ಕೇಂದ್ರ ಶಿಕ್ಷಣ ಇಲಾಖೆ ಹೇಳಿದ್ದು 2018ರಲ್ಲಿ. ಇದನ್ನು ಪತ್ರಕರ್ತ ಎತ್ತಿದಾಗ ಡಬ್ಬಿ ಮಾತು ತಿರುಗಿಸಿತು.

"ಕೋರ್ಟಿನ ವಿಷಯ ಕೇಳಿ. ಕೊಲರಾಡೋದ ಆಟಿಸಂ ಇರುವ ಹುಡುಗನೊಬ್ಬನ ಕೇಸಿನಲ್ಲಿ ಸುಪ್ರೀಂ ಕೋರ್ಟು, ಚೂರುಪಾರು ಪ್ರಗತಿ ಸಾಲದು, ಆ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿಗೆ ಯೋಜನೆ ಬೇಕು ಅಂತ ಒಮ್ಮತದಿಂದ ಹೇಳಿತು. 2017ರಲ್ಲಿ. ಈಗ ಪ್ರತಿ ಅಡ್ವೊಕೇಟ್ ಬಾಯಲ್ಲೂ ಅದೇ. ನನಗೆ ಇಷ್ಟವಾದ ತೀರ್ಪು 2006ರದು. ಅಪ್ಪ-ಅಮ್ಮ ಕೇಸು ಗೆದ್ದರೆ ವಕೀಲರ ಫೀಸು ವಾಪಸು ಸಿಗಬಹುದು, ತಜ್ಞರಿಗೆ ಕೊಟ್ಟ ದುಡ್ಡು ಮಾತ್ರ ಹೋದದ್ದೇ! ಗಂಟೆ ಲೆಕ್ಕದಲ್ಲಿ ಫೀಸು ಕೊಡಲಾರದವರು ಒಬ್ಬರೇ ಬರುತ್ತಾರೆ. ನನ್ನ ಅನ್ನ ನಡೆಯೋದು ಅವರಿಂದ."

ಅಡ್ವೊಕೇಟ್ ಆಗಲು ಕೇಂದ್ರದ ಲೈಸೆನ್ಸು ಬೇಕಿಲ್ಲವಾದ್ದರಿಂದ ಅರೆಬೆಂದವರೂ ಈ ಕಸುಬಿಗೆ ಇಳಿಯಬಹುದು. ಆ ಮಾತಿಗೆ ಡಬ್ಬಿ ಸಂಭ್ರಮದಿಂದ ತಲೆಯಾಡಿಸಿತು. ಆದರೆ ಕೇಂದ್ರದ ಹಣದಲ್ಲೇ ನಡೆಯುವ ಪೋಷಕರ ತರಬೇತಿ ಕೇಂದ್ರಗಳು ಪ್ರತಿ ರಾಜ್ಯದಲ್ಲೂ ಇವೆಯಲ್ಲ, ಅಲ್ಲಿ ಸಲಹೆ ಪುಕ್ಕಟೆಯಲ್ಲವೇ ಎಂದು ಪತ್ರಕರ್ತ ಕೇಳಿದ.

"ಹೌದು," ಎಂದಿತು ಡಬ್ಬಿ ದನಿ ತಗ್ಗಿಸಿ. "ಅದೊಂದನ್ನ ಮಾತ್ರ ಅಚ್ಚು ಹಾಕಬೇಡಿ."