ನಾಯಕಶಿರೋಮಣಿಗಳಿಗೆ ಒಂದು ಬಿನ್ನವತ್ತಳೆ

ಮಾನ್ಯರೇ,

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಮೇಲಧಿಕಾರಿಗಳಾದ ತಮ್ಮೆಲ್ಲರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿಯ ಸಮೇತ ಈ ಬಿನ್ನವತ್ತಳೆಯನ್ನು ಅರ್ಪಿಸಲು ನಮಗೆ ಹೆಮ್ಮೆಯೆನಿಸುತ್ತದೆ. ಶಾಲಿನ ದುಡ್ಡನ್ನು ನಮ್ಮ ಸಂಬಳದಲ್ಲಿ ಮುಂಚಿತವಾಗಿಯೇ ಹಿಡಿದುಕೊಂಡ ತಮ್ಮ ಶಿಸ್ತಿಗೂ ವಂದನೆಗಳು.

ವಿಶ್ವಾಸಮೂರ್ತಿಗಳೇ,

ಕೆಲಸಗಾರರನ್ನು ನಂಬಬೇಕೆಂದು ತಾವು ಪ್ರತಿ ಟೌನ್‌ಹಾಲ್‌ನಲ್ಲೂ ಹೇಳುತ್ತೀರಿ. ಗೇಟಿನಲ್ಲಿ ಬೆರಳೊತ್ತಿ, ಬ್ಯಾಗ್ ಬಿಚ್ಚಿ ತೋರಿಸಿ, ಲಿಫ್ಟಿನ ಬಳಿ ಕಾರ್ಡ್ ಉಜ್ಜಿ, ಕ್ಯಾಮೆರಾದ ಕೆಳಗೆ ಕೂತು ಆ ಮಾತನ್ನು ಕೇಳುವಾಗ ನಮಗೆ ಕಣ್ಣು ತುಂಬಿಬರುತ್ತದೆ. ಮನಸ್ಸು ಬಿಚ್ಚಿ ಬರೆಯಿರಿ ಎಂದು ಸರ್ವೆ ಕಳಿಸುತ್ತೀರಿ. ಹೆಸರು ಬೇಕಿಲ್ಲ, ಎಂಪ್ಲಾಯಿ ನಂಬರ್ ಹಾಕಿದರೆ ಸಾಕು ಎನ್ನುತ್ತೀರಿ. ‘ಮ್ಯಾನೇಜರ್ ನಮ್ಮ ಮಾತು ಕೇಳಿಸಿಕೊಳ್ಳುವುದಿಲ್ಲ’ ಎಂದು ಯಾರೋ ಬರೆದಾಗ, ಮರುದಿನವೇ ಅವರನ್ನು ಕರೆಸಿ, ಅವರು ಬಾಯಿ ತೆರೆಯುವ ಮುನ್ನವೇ ಒಂದು ಗಂಟೆ ಮಾತಾಡಿ, ಕೇಳಿಸಿಕೊಳ್ಳುವುದು ಹೇಗೆಂದು ಕಲಿಸಿದಿರಿ. ಇಂಥ ಗುರುಗಳು ಎಷ್ಟು ಜನಕ್ಕೆ ಸಿಕ್ಕಾರು?

ಕುಟುಂಬವತ್ಸಲರೇ,

ನಾವೆಲ್ಲ ಒಂದೇ ಕುಟುಂಬವೆಂದು ಮೊದಲು ಸಾರಿದವರು ತಾವು. ಕುಟುಂಬದೊಳಗೆ ಕಾಯ್ದೆಗೇನು ಕೆಲಸ? ಕೆಲಸದ ಷರತ್ತು, ಶಿಸ್ತುಕ್ರಮ, ವಜಾ ಮಾಡುವ ರೀತಿ, ಎಲ್ಲವನ್ನೂ ಬರೆದಿಡಬೇಕೆನ್ನುತ್ತಿದ್ದ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ 2014ರಲ್ಲಿ ಐದು ವರ್ಷದ ವಿನಾಯಿತಿ ಕೊಟ್ಟಿತು, 2019ರಲ್ಲಿ ಮುಂದುವರಿಸಿತು, 2024ರಲ್ಲಿ ಮತ್ತೆ ಮುಂದುವರಿಸಿತು. ಮನೆಮಗನನ್ನು ಹೊರಗೆ ಹಾಕುವುದಕ್ಕೆ ಬರೆದಿಟ್ಟ ನಿಯಮ ಬೇಕೇ? ಶುಕ್ರವಾರ ಸಂಜೆ ಒಂದು ಮೀಟಿಂಗ್ ಇಟ್ಟು, ಲ್ಯಾಪ್‌ಟಾಪ್ ಈಸಿಕೊಂಡರಾಯಿತು. ಕುಂದುಕೊರತೆ ಸಮಿತಿ ಇರಲೇಬೇಕೆಂಬುದು ಆ ವಿನಾಯಿತಿಯ ಷರತ್ತುಗಳಲ್ಲೊಂದಾಗಿತ್ತು. ನಮ್ಮಲ್ಲಿ ಸಮಿತಿಯಿದೆ, ದೂರಿಲ್ಲ. ದೂರು ಕೊಟ್ಟವರೂ ಈಗ ಇಲ್ಲ.

ಕಾಲಜ್ಞರೇ,

ಹೆಚ್ಚು ಹೊತ್ತು ಜೊತೆಗಿದ್ದರೆ ಬಾಂಧವ್ಯ ಬೆಳೆಯುತ್ತದೆಂಬ ಸತ್ಯವನ್ನು ಕಂಡುಕೊಂಡವರು ತಾವು. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಹೇಳಿದ್ದನ್ನು ತಾವು ಕೂಡಲೇ ಗ್ರೂಪಿಗೆ ಫಾರ್ವರ್ಡ್ ಮಾಡಿದಿರಿ, ಅದೂ ರಾತ್ರಿ ಹನ್ನೊಂದಕ್ಕೆ. 2024ರ ಜುಲೈನಲ್ಲಿ ಐಟಿಯವರ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾಪ ಸರ್ಕಾರದ ಮುಂದೆ ಬಂದಾಗ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಬಾಂಧವ್ಯದ ಬೆಲೆ ಅವರಿಗೇನು ಗೊತ್ತು? 14 ಗಂಟೆ ಆಫೀಸಿನಲ್ಲಿ, ಮೂರು ಗಂಟೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಳೆದವನಿಗೆ ಮನೆಯವರೊಂದಿಗೆ ಜಗಳವಾಡಲು ಸಮಯವೇ ಇರದು. ಸಂಸಾರವೂ ಸುಖ, ಕಂಪನಿಯೂ ಸುಖ.

ದೂರದರ್ಶಿಗಳೇ,

ಕೆಲಸಗಾರರ ಒಳಿತು ಅವರಿಗಿಂತ ಮೇಲಿನವರಿಗೇ ಚೆನ್ನಾಗಿ ಗೊತ್ತು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವ ತನಕ ತೆಗೆಯಬಾರದೆಂದು 2016ರಲ್ಲಿ ಕೇಂದ್ರ ಸರ್ಕಾರ ಆದೇಶಿಸಿದ್ದು ಇದೇ ಕಾಳಜಿಯಿಂದ. ಮಕ್ಕಳ ಫೀಸಿಗೆ, ಊರಿನ ಸಾಲಕ್ಕೆ ಅದೊಂದೇ ಗಂಟನ್ನು ನಂಬಿದ್ದ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಏಪ್ರಿಲ್ 18 ಮತ್ತು 19ರಂದು ಅವರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹೊಸೂರು ರಸ್ತೆಗೂ ಪೀಣ್ಯದ ಬೀದಿಗಳಿಗೂ ಇಳಿದರು. ಮುಂದೆ ನಿಂತು ನಡೆಸುವ ಮುಖಂಡರು ಅವರಿಗಿರಲಿಲ್ಲ. ಎರಡನೇ ದಿನವೇ ದಿಲ್ಲಿ ಆದೇಶವನ್ನು ಹಿಂಪಡೆಯಿತು. ಲೀಡರ್‌ಶಿಪ್ ತರಬೇತಿಯ ಒಂದು ಸರ್ಟಿಫಿಕೇಟೂ ಇಲ್ಲದವರು ಹೀಗೆ ಮಾಡಿಬಿಟ್ಟದ್ದು ತಮ್ಮ ಮನಸ್ಸಿಗೆ ನೋವುಂಟುಮಾಡಿದ್ದರೆ ಕ್ಷಮೆಯಿರಲಿ.

ಕ್ಷಮಾಶೀಲರೇ,

2020ರ ಡಿಸೆಂಬರ್ 12ರ ಬೆಳಗ್ಗೆ, ಕೋಲಾರದ ಹಾದಿಯ ನರಸಾಪುರದಲ್ಲಿ, ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಗಾಜುಗಳು ಪುಡಿಯಾದವು. ಸಂಬಳ ಸರಿಯಾಗಿ ಬರುತ್ತಿಲ್ಲ, ಓಟಿ ಲೆಕ್ಕ ತಪ್ಪಿದೆ ಎಂಬುದು ಕೆಲಸಗಾರರ ದೂರು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು, ಉಪಾಧ್ಯಕ್ಷರೊಬ್ಬರನ್ನು ತೆಗೆಯಿತು, ಆ್ಯಪಲ್ ಹೊಸ ಆರ್ಡರ್‌ಗಳನ್ನು ತಡೆಹಿಡಿಯಿತು. ಲೆಕ್ಕವನ್ನು ಒಂದು ತಿಂಗಳು ಮೊದಲೇ ನೋಡಿದ್ದರೆ ಗಾಜು ಉಳಿಯುತ್ತಿತ್ತು, ನಿಜ. ಆದರೆ ಕ್ಷಮೆ ಕೇಳುವ ದೊಡ್ಡತನ ಲೋಕಕ್ಕೆ ತಿಳಿಯುತ್ತಿರಲಿಲ್ಲವಲ್ಲ!

ಮಹನೀಯರೇ,

ತಮ್ಮ ಗುಣಗಳು ಅನಂತ, ನಮ್ಮ ಟೀ ಬ್ರೇಕು ಹತ್ತೇ ನಿಮಿಷ. ಆದ್ದರಿಂದ ಒಂದೇ ಬಿನ್ನಹದೊಂದಿಗೆ ಮುಗಿಸುತ್ತೇವೆ. ಮುಂದಿನ ತಿಂಗಳು ರೆಸಾರ್ಟಿನಲ್ಲಿ ನಡೆಸಲಿರುವ ಎರಡು ದಿನದ ‘ವಿಶ್ವಾಸವರ್ಧನ ಶಿಬಿರ’ವನ್ನು ದಯವಿಟ್ಟು ಕೈಬಿಡಿ. ಆ ದುಡ್ಡಿನಲ್ಲಿ ಬಾಕಿಯಿರುವ ಓಟಿಯನ್ನು ಚುಕ್ತಾ ಮಾಡಿ, ಪೇಸ್ಲಿಪ್ಪನ್ನು ನಮಗೆ ಅರ್ಥವಾಗುವ ಕನ್ನಡದಲ್ಲಿ ಕೊಡಿ. ವಿಶ್ವಾಸವನ್ನು ನಾವು ನಮ್ಮ ಖರ್ಚಿನಲ್ಲೇ ಬೆಳೆಸಿಕೊಳ್ಳುತ್ತೇವೆ.

ಇತಿ,
ಮೂರೂ ಶಿಫ್ಟಿನವರು