ಗ್ಲೌಸಿನೊಳಗಿನ ಬೆರಳಿಗೊಂದು ಬಹಿರಂಗ ಪತ್ರ

ರೋಣ, ನರಗುಂದ, ಗಜೇಂದ್ರಗಡದ ದಂತವೈದ್ಯರೇ,

ನಾನು ಗಜೇಂದ್ರಗಡದ ನೇಕಾರ. ಮಗ್ಗದ ಮುಂದೆ ಕೂತವರಿಗೆ ಹರಿದ ಎಳೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಹಾಗಾಗಿ ಹೋದ ತಿಂಗಳು ನಿಮ್ಮಲ್ಲೊಬ್ಬರ ಮುಂದೆ ಬಾಯಿ ತೆರೆದು ಮಲಗಿದಾಗ ನನ್ನ ಕಣ್ಣೆಲ್ಲ ಅವರ ಕೈ ಮೇಲೆಯೇ ಇತ್ತು. ಗ್ಲೌಸು ಕೈಗಿಂತ ದೊಡ್ಡದು. ತೋರುಬೆರಳ ತುದಿಯಲ್ಲಿ ರಬ್ಬರು ಮುದುಡಿಕೊಂಡು ಜೋತಾಡುತ್ತಿತ್ತು. ಕೊಕ್ಕೆಯಂಥ ಸಲಾಕೆ ಎರಡು ಸಲ ಜಾರಿತು. "ಇದನ್ನ ಹಾಕ್ಕೊಂಡ್ರ ಕೈಗೇನೂ ತಿಳಿಯಂಗಿಲ್ರಿ" ಅಂದವರೇ ಬಲಗೈಯದನ್ನು ಕಳಚಿಟ್ಟರು.

ಅವರ ಸಂಕಟ ಸುಳ್ಳಲ್ಲ. ಒಸಡಿನ ಅಡಿಯ ಪಾಚಿ ಕಣ್ಣಿಗೆ ಕಾಣದು. ಸಲಾಕೆ ಅದರ ಮೇಲೆ ಹಾಯುವಾಗಿನ ಗರಗರ ಬೆರಳಿಗೇ ಗೊತ್ತಾಗಬೇಕು. ರೂಟ್ ಕೆನಾಲ್ ಮಾಡುವಾಗ ಕೂದಲೆಳೆಯಂಥ ಫೈಲು ಬೇರಿನ ತುದಿಯ ಹತ್ತಿರ ಬಿಗಿಯಾಗುವುದೂ ಹಾಗೆಯೇ. ಗ್ಲೌಸು ಸ್ಪರ್ಶವನ್ನು ಕೊಂಚ ಮಂಕು ಮಾಡುತ್ತದೆ. ಅಳತೆ ತಪ್ಪಿದ ಗ್ಲೌಸು ಇನ್ನಷ್ಟು ಕೆಡಿಸುತ್ತದೆ: ಸಡಿಲವಿದ್ದರೆ ಮುದುಡುತ್ತದೆ, ಬಿಗಿಯಿದ್ದರೆ ಕೈ ಜೋಮು ಹಿಡಿಯುತ್ತದೆ.

ಆದರೂ ಗ್ಲೌಸು ಕಳಚಬೇಡಿ. ಬಾಲ್ಟಿಮೋರಿನ ಶಸ್ತ್ರವೈದ್ಯ ಹಾಲ್‌ಸ್ಟೆಡ್ 1889ರ ಸುಮಾರಿಗೆ ರಬ್ಬರ್ ಗ್ಲೌಸು ಮಾಡಿಸಿದ್ದು ರೋಗಿಗಾಗಿ ಅಲ್ಲ. ಕ್ರಿಮಿನಾಶಕ ದ್ರಾವಣದಿಂದ ಕೈ ಚರ್ಮ ಕೆಟ್ಟಿದ್ದ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್‌ಗಾಗಿ. ದಂತವೈದ್ಯರಲ್ಲಿ ಅದು ರೂಢಿಯಾದದ್ದು ಏಡ್ಸ್ ಭಯ ಹಬ್ಬಿದ 1980ರ ದಶಕದಲ್ಲಿ. ಹೆಪಟೈಟಿಸ್ ಬಿ ವೈರಸ್ಸಂತೂ ಮೈಯಿಂದ ಹೊರಬಿದ್ದ ಮೇಲೂ 7 ದಿನ ಜೀವ ಹಿಡಿದಿರಬಲ್ಲದು. ಉಗುರಂಚಿನ ಒಂದು ಗೀರು ಅದಕ್ಕೆ ಸಾಕು. ನನ್ನ ಹಲ್ಲಿನ ಸಲುವಾಗಿ ನಿಮ್ಮ ಜೀವ ಪಣಕ್ಕಿಡುವುದು ನನಗೆ ಬೇಡ.

ನಿಮ್ಮ ಬೆರಳಿಗೆ ಇನ್ನೂ ದೊಡ್ಡ ಕೆಲಸವಿದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಪಾನ್ ಮಸಾಲಾ, ತಂಬಾಕು ಬೇರೆ ಬೇರೆ ಚೀಟಿಯಲ್ಲಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದನ್ನು ಹುಡುಗರು ಬಿಟ್ಟಿಲ್ಲ. ಇದರಿಂದ ಕೆನ್ನೆಯೊಳಗೆ ನಾರು ಕಟ್ಟಿ ಬಾಯಿ ತೆರೆಯಲಾಗದ ರೋಗ ಶುರುವಾದಾಗ ಒಂದು ಬೆರಳು ಒಳಗೆ, ಒಂದು ಹೊರಗೆ ಇಟ್ಟು ಒತ್ತಿದರೆ ಹುರಿಹಗ್ಗದಂಥ ಗಟ್ಟಿ ಪಟ್ಟಿ ಸಿಗುತ್ತದೆ. ಅಷ್ಟನ್ನು ಗ್ಲೌಸು ಮುಚ್ಚಿಡಲಾರದು. ಅವಸರ ಮುಚ್ಚಿಡುತ್ತದೆ.

ಡಾಕ್ಟ್ರೇ, ನಿಮ್ಮ ಕೈ ಅಳತೆಯ ಗ್ಲೌಸನ್ನೇ ತರಿಸಿಕೊಳ್ಳಿ. ರೋಗಿ ಬದಲಾದಂತೆ ಅದನ್ನೂ ಬದಲಿಸಿ. ನಮ್ಮ ಹುಡುಗರು ಹಲ್ಲುನೋವೆಂದು ಬಂದಾಗ ಅವರ ಕೆನ್ನೆಯನ್ನೂ ಒಮ್ಮೆ ಒತ್ತಿ ನೋಡಿ.

ಇಂತಿ,
ಗಜೇಂದ್ರಗಡದ ಒಬ್ಬ ನೇಕಾರ